ನೂರರ ಲೆಕ್ಕ, ಒಬ್ಬರ ಎದೆ

2025ರ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿ ದಿನವೂ ಬರುತ್ತಿತ್ತು. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವು ಎಂದು ಪತ್ರಿಕೆಗಳು ಎಣಿಸಿದವು. ಸತ್ತವರಲ್ಲಿ ಹಲವರು ಇನ್ನೂ ಚಿಕ್ಕ ವಯಸ್ಸಿನವರು. ತಿಪಟೂರಿನ ಪಕ್ಕದ ತಾಲ್ಲೂಕು ಅರಸೀಕೆರೆ, ತುರುವೇಕೆರೆಯ ಪಕ್ಕದ್ದು ಚನ್ನರಾಯಪಟ್ಟಣ. ಎರಡೂ ಹಾಸನ ಜಿಲ್ಲೆಗೆ ಸೇರಿದವು, ಎರಡರಲ್ಲೂ ನಮ್ಮ ನೆಂಟರಿದ್ದಾರೆ. ಹಾಗಾಗಿ ಅದು ನಮಗೆ ಪರಜಿಲ್ಲೆಯ ಸುದ್ದಿಯಾಗಿ ಕೇಳಿಸಲಿಲ್ಲ. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಎದೆ ತೋರಿಸಲು ಬಂದವರ ಸಾಲು ಬೆಳೆಯಿತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗಲೂ ಹೀಗೇ ಆಗಿತ್ತು. ಹಾಸನದ ಸಾವುಗಳನ್ನು ನೋಡಲು ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಹಿಂದಿನದಕ್ಕೆ ಹೋಲಿಸಿದರೆ ಅಸಹಜ ಏರಿಕೆ ಕಾಣುವುದಿಲ್ಲ ಎಂದು ಜುಲೈನಲ್ಲಿ ವರದಿ ಬಂತು. ಆದರೆ ಭಯ ವರದಿ ಓದಿಕೊಂಡು ಬರುವುದಿಲ್ಲ, ಓದಿಕೊಂಡು ಹೋಗುವುದೂ ಇಲ್ಲ.

ಆ ದಿನಗಳಲ್ಲಿ ಊರಿನ ಬಸ್ ಸ್ಟ್ಯಾಂಡಿನಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ, ಮೆಡಿಕಲ್ ಸ್ಟೋರಿನ ಮುಂದೆ ನಾನು ಮತ್ತೆ ಮತ್ತೆ ಕೇಳಿದ ಪ್ರಶ್ನೆ ಒಂದೇ: “ರಕ್ತ ಟೆಸ್ಟ್ ಮಾಡಿಸಿದ್ರೆ ಮೊದ್ಲೇ ಗೊತ್ತಾಗುತ್ತಾ?” ಇದು ವೈದ್ಯರನ್ನು ಕೇಳಬೇಕಾದ ಪ್ರಶ್ನೆ, ನಿಜ. ಆದರೆ ತತ್ವಶಾಸ್ತ್ರ ಓದುತ್ತಿರುವ ನನ್ನಂಥವಳಿಗೂ ಅದರಲ್ಲಿ ಕೆಲಸವಿದೆ. ಗೊತ್ತಾಗುವುದು ಎಂದರೆ ಇಲ್ಲಿ ಏನು? ಗೊತ್ತಾದದ್ದನ್ನು ಹೊರಬೇಕಾದವರು ಯಾರು?

ನನ್ನ ಪಿಎಚ್.ಡಿ. ವಿಷಯ ನ್ಯಾಯದರ್ಶನದ ಅನುಮಾನ ಪ್ರಮಾಣ. ಕಂಡದ್ದರಿಂದ ಕಾಣದ್ದನ್ನು ತಿಳಿಯುವ ದಾರಿ ಅದು. ಗೌತಮನ ನ್ಯಾಯಸೂತ್ರ ಅನುಮಾನವನ್ನು ಮೂರು ಬಗೆಯೆನ್ನುತ್ತದೆ. ಕಾರಣದಿಂದ ಕಾರ್ಯವನ್ನು ಊಹಿಸಿದರೆ ಪೂರ್ವವತ್: ಮೋಡ ಕವಿದಿದೆ, ಮಳೆ ಬರುತ್ತದೆ. ಕಾರ್ಯದಿಂದ ಕಾರಣವನ್ನು ಊಹಿಸಿದರೆ ಶೇಷವತ್: ಹೊಳೆ ಕೆಂಪಾಗಿ ತುಂಬಿ ಬಂದಿದೆ, ಮೇಲೆಲ್ಲೋ ಮಳೆಯಾಗಿದೆ. ಕಾರ್ಯಕಾರಣದ ಗಂಟು ಕಾಣದಿದ್ದರೂ ಎರಡು ಸಂಗತಿಗಳು ಜೊತೆಯಾಗಿ ಕಂಡುಬರುವುದರಿಂದ ಊಹಿಸಿದರೆ ಸಾಮಾನ್ಯತೋದೃಷ್ಟ.

ಹೃದಯದ ರಕ್ತನಾಳಗಳ ಬಗ್ಗೆ ರಕ್ತ ಹೇಳುವ ಮಾತುಗಳನ್ನು ಈ ಮೂರು ಕಪಾಟುಗಳಲ್ಲಿ ಇಟ್ಟು ನೋಡಬಹುದು. ಟ್ರೋಪೋನಿನ್ ತುಂಬಿ ಬಂದ ಹೊಳೆಯಂಥದು. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಅದರೊಳಗಿನ ಈ ಪ್ರೋಟೀನ್ ರಕ್ತಕ್ಕೆ ಸೋರುತ್ತದೆ. ಎದೆನೋವೆಂದು ಬಂದವರಿಗೆ ಕೆಲವು ಗಂಟೆ ಬಿಟ್ಟು ಮತ್ತೆ ಅದನ್ನೇ ಅಳೆಯುವುದು ಹೊಳೆ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡಲು. ಅದು ಆಗಿರುವುದನ್ನು ಹೇಳುತ್ತದೆ, ಮುಂದಿನ ವರ್ಷ ಆಗುವುದನ್ನಲ್ಲ. ಎಲ್‌ಡಿಎಲ್ ಕೊಲೆಸ್ಟರಾಲ್ ಮೋಡದ ಜಾತಿ. ಅದು ರಕ್ತನಾಳದ ಗೋಡೆಯಲ್ಲಿ ಕೂತು ದಾರಿ ಕಿರಿದು ಮಾಡುವ ಕಾರಣಗಳಲ್ಲೊಂದು, ಇಳಿಸಿದರೆ ಅಪಾಯವೂ ಇಳಿಯುತ್ತದೆ.

ಮೂರನೆಯ ಕಪಾಟು ದೊಡ್ಡದು, ಗೊಂದಲದ್ದು ಕೂಡ. ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿಆರ್‌ಪಿ, 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಸಿಕ್ಕಿತು. ದೇಹದಲ್ಲಿ ಎಲ್ಲಿ ಉರಿಯೂತವಿದ್ದರೂ ಅದು ಏರುತ್ತದೆ. 2008ರಲ್ಲಿ ಪ್ರಕಟವಾದ ಜುಪಿಟರ್ ಎಂಬ ಅಧ್ಯಯನ ಕೊಲೆಸ್ಟರಾಲ್ ಹೆಚ್ಚಿಲ್ಲದ, ಆದರೆ ಸಿಆರ್‌ಪಿ ಹೆಚ್ಚಿದ್ದ 17,802 ಜನರನ್ನು ನೋಡಿತು. ಅವರಲ್ಲಿ ಸ್ಟಾಟಿನ್ ಮಾತ್ರೆ ನುಂಗಿದವರಿಗೆ ಹೃದಯಾಘಾತ ಕಡಿಮೆಯಾಯಿತು. ಸಿಆರ್‌ಪಿ ಅಪಾಯದಲ್ಲಿರುವವರನ್ನು ತೋರಿಸಿಕೊಟ್ಟಿತೆಂದು ಆಗ ಅನ್ನಿಸಿತು. ಆದರೆ ಹುಟ್ಟಿನಿಂದಲೇ ಸಿಆರ್‌ಪಿ ಹೆಚ್ಚಿರುವಂತೆ ಮಾಡುವ ಜೀನ್ ಉಳ್ಳವರನ್ನು ನೋಡಿದಾಗ ಅವರಿಗೆ ಹೃದಯಾಘಾತ ಹೆಚ್ಚೇನೂ ಆಗುತ್ತಿರಲಿಲ್ಲ. ಸಿಆರ್‌ಪಿ ಹೊಗೆ, ಬೆಂಕಿಯಲ್ಲ. ಹೋಮೋಸಿಸ್ಟೀನಿನ ಕಥೆ ಇನ್ನೂ ಪಾಠದಂತಿದೆ. ಅದು ಹೆಚ್ಚಿದ್ದವರಲ್ಲಿ ಹೃದ್ರೋಗ ಹೆಚ್ಚು ಕಾಣುತ್ತಿತ್ತು, ಬಿ ವಿಟಮಿನ್ ಕೊಟ್ಟರೆ ಅದು ಇಳಿಯುತ್ತಿತ್ತು. 2006ರಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು. ಹೋಮೋಸಿಸ್ಟೀನ್ ಇಳಿದಿತ್ತು, ಹೃದಯಾಘಾತ ಇಳಿದಿರಲಿಲ್ಲ. ಹೊಗೆಯನ್ನು ಬೀಸಣಿಗೆಯಿಂದ ಓಡಿಸಿದ್ದಾಯಿತು, ಅಷ್ಟೇ.

ನೈಯಾಯಿಕರು ಇಂಥ ಕಡೆ ಬಲು ಬಿಗಿ. ಹೊಗೆಯಿಂದ ಬೆಂಕಿಯನ್ನು ಊಹಿಸಲು ವ್ಯಾಪ್ತಿ ಬೇಕು. ಹೊಗೆ ಇರುವಲ್ಲೆಲ್ಲ ಬೆಂಕಿ ಇರಲೇಬೇಕು, ಒಂದು ಕಡೆ ತಪ್ಪಿದರೂ ಆ ಗುರುತು ಸವ್ಯಭಿಚಾರ, ಅಂದರೆ ದಾರಿ ತಪ್ಪಿದ ಹೇತು. ಈ ಅಳತೆಯಲ್ಲಿ ಇಂದಿನ ಯಾವ ರಕ್ತಪರೀಕ್ಷೆಯೂ ಮುಂದಿನ ಹೃದಯಾಘಾತಕ್ಕೆ ಹೇತುವಲ್ಲ. ಸಂಖ್ಯೆ ಹೆಚ್ಚಿದ್ದೂ ತೊಂಬತ್ತು ವರ್ಷ ಬದುಕಿದವರಿದ್ದಾರೆ, ಎಲ್ಲ ಸಂಖ್ಯೆಯೂ ಸರಿಯಿದ್ದು ಐವತ್ತಕ್ಕೆ ಹೋದವರಿದ್ದಾರೆ. ಹಾಗೆಂದು ಪರೀಕ್ಷೆಗಳನ್ನು ಎಸೆಯಲಾಗದು. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಪಟ್ಟಣದ ಜನರನ್ನು ವರ್ಷಗಟ್ಟಲೆ ಗಮನಿಸುವ ಕೆಲಸ ಶುರುವಾದ ಮೇಲೆ ವೈದ್ಯವಿಜ್ಞಾನ ವ್ಯಾಪ್ತಿಯ ಜಾಗದಲ್ಲಿ ಇನ್ನೊಂದನ್ನು ತಂದಿಟ್ಟಿದೆ: ನೂರು ಜನರಲ್ಲಿ ಇಷ್ಟು ಮಂದಿಗೆ, ಇಷ್ಟು ವರ್ಷಗಳಲ್ಲಿ. ಅದು ನಿಜವಾದ ತಿಳಿವಳಿಕೆಯೇ. ಆದರೆ ಯಾರ ಬಗ್ಗೆ ತಿಳಿವಳಿಕೆ?

ಇದನ್ನು ಕೇಳುವಾಗ ನನಗೆ ನಮ್ಮ ಕಡೆಯ ಕೊಬ್ಬರಿ ಅಟ್ಟ ನೆನಪಾಗುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಉಂಡೆ ಕೊಬ್ಬರಿ ಬಿಸಿಲಲ್ಲಿ ಒಣಗಿಸಿದ್ದಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಎಂಟರಿಂದ ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಉಂಡೆ ಚಿಪ್ಪಿಗೆ ತಾಗುವ ಸದ್ದು ಬರುತ್ತದೆ. ಒಡೆಯದೆ ಒಳಗನ್ನು ತಿಳಿಯುವ ವಿದ್ಯೆ ಇದು, ರಕ್ತಪರೀಕ್ಷೆಯ ಆಸೆಯೂ ಇದೇ. ಸದ್ದು ಚೆನ್ನಾಗಿದ್ದೂ ಒಡೆದಾಗ ಕೆಟ್ಟು ಕೌಟು ವಾಸನೆ ಬರುವ ಕಾಯಿ ಕೆಲವು ಇದ್ದೇ ಇರುತ್ತವೆ. ಅದಕ್ಕೆ ಯಾವ ರೈತನೂ ಕೂತು ಅಳುವುದಿಲ್ಲ. ಸಾವಿರ ಕಾಯಿ ಹಾಕಿದವನಿಗೆ ಇಷ್ಟು ಕೆಡುತ್ತವೆ ಎಂಬುದು ಲೆಕ್ಕದಲ್ಲೇ ಇರುತ್ತದೆ.

ಅವನು ಅಳದಿರುವುದು ಅವನ ಹತ್ತಿರ ಸಾವಿರ ಕಾಯಿ ಇರುವುದರಿಂದ. ನೂರಕ್ಕೆ ಐದು ಎಂಬ ಮಾತಿಗೆ ಪೂರ್ತಿ ಅರ್ಥ ಬರುವುದು ನೂರನ್ನೂ ಕೈಯಲ್ಲಿ ಹಿಡಿದವರಿಗೆ. ಸರ್ಕಾರದ ಹತ್ತಿರ ನೂರು ಇದೆ. ದೊಡ್ಡ ಆಸ್ಪತ್ರೆಯ ಹತ್ತಿರ, ವಿಮಾ ಕಂಪನಿಯ ಹತ್ತಿರ ಇದೆ. ವರದಿ ಹಿಡಿದು ಲ್ಯಾಬಿನ ಮೆಟ್ಟಿಲು ಇಳಿಯುವವರ ಹತ್ತಿರ ಇರುವುದು ಒಂದೇ ಒಂದು ಎದೆ. ನೂರಕ್ಕೆ ಐದು ಎಂದರೆ ಅವರಿಗೆ ಆಗುತ್ತದೆ ಎಂದೂ ಅಲ್ಲ, ಆಗುವುದಿಲ್ಲ ಎಂದೂ ಅಲ್ಲ. ಆದರೂ ಆ ಸಂಖ್ಯೆಯನ್ನು ತನ್ನ ಜಾತಕದ ಸಾಲಿನಂತೆ ಓದಿಕೊಳ್ಳದೆ ಇರುವುದು ಮನುಷ್ಯರಿಗೆ ಬಹಳ ಕಷ್ಟ.

ಗುರುತು ಸಿಗದೇ ಇರುವುದೂ ಇಷ್ಟೇ ಕಷ್ಟ ಕೊಡಬಲ್ಲದು. ಚಿಕ್ಕನಾಯಕನಹಳ್ಳಿಯಲ್ಲಿರುವ ನನ್ನ ಸೋದರತ್ತೆಗೆ ನಡೆದರೆ ಎದೆ ಹಿಡಿದುಕೊಳ್ಳುತ್ತಿತ್ತು. ಆಂಜಿಯೋಗ್ರಾಂ ಆಯಿತು, ಬ್ಲಾಕ್ ಇರಲಿಲ್ಲ. ಮನೆಯವರು ನಿರಾಳರಾದರು, ನೋವು ಮಾತ್ರ ಹೋಗಲಿಲ್ಲ. “ಏನೂ ಇಲ್ವಂತಲ್ಲ, ಇನ್ಯಾಕ್ ಎದೆ ಎದೆ ಅಂತೀಯ” ಎಂಬ ಮಾತು ಶುರುವಾಯಿತು. ಬಹಳ ತಿಂಗಳ ಮೇಲೆ ಬೇರೊಬ್ಬ ವೈದ್ಯರು ಆ ಚಿತ್ರಗಳನ್ನೇ ಮತ್ತೆ ನೋಡಿ, ನಾಳ ತೆರೆದಿದೆ, ಆದರೆ ಬಣ್ಣದ ದ್ರವ ನಿಧಾನ ಹರಿಯುತ್ತಿದೆ ಎಂದರು. ಇದನ್ನು ವೈದ್ಯರು ಮೊದಲು ವಿವರಿಸಿದ್ದು 1972ರಲ್ಲಿ. ದ್ರವ ನಾಳದ ತುದಿ ಮುಟ್ಟಲು ಎಕ್ಸ್‌ರೇ ಚಲನಚಿತ್ರದ ಎಷ್ಟು ಚೌಕಟ್ಟು ಬೇಕು ಎಂದು ಎಣಿಸುವ ಪದ್ಧತಿ 1996ರದು. ದೊಡ್ಡ ನಾಳದಲ್ಲಿ ಅಡ್ಡಿ ಕಾಣದಿದ್ದಾಗ ತೊಂದರೆ ಹೆಚ್ಚಾಗಿ ಕಣ್ಣಿಗೆ ಕಾಣದ ಸಣ್ಣ ನಾಳಗಳಲ್ಲಿರುತ್ತದೆ ಎನ್ನುತ್ತಾರೆ.

ಈ ನಿಧಾನ ಹರಿವನ್ನು ರಕ್ತದಿಂದಲೇ ಮೊದಲು ಗುರುತಿಸಬಹುದೇ ಎಂದು ಹುಡುಕಿದ ಲೇಖನಗಳು ಬಹಳ ಇವೆ. ಬಿಳಿ ರಕ್ತಕಣಗಳ ಅನುಪಾತ, ಯೂರಿಕ್ ಆಮ್ಲ, ಪ್ಲೇಟ್‌ಲೆಟ್ಟುಗಳ ಗಾತ್ರ, ಸಿಆರ್‌ಪಿ, ಹೋಮೋಸಿಸ್ಟೀನ್ ಎಲ್ಲವನ್ನೂ ಅಳೆದಿದ್ದಾರೆ. ಹರಿವು ನಿಧಾನವಿರುವವರ ಒಂದು ಗುಂಪು, ಸರಿಯಿರುವವರ ಒಂದು ಗುಂಪು, ಎರಡರ ಸರಾಸರಿಯಲ್ಲಿ ವ್ಯತ್ಯಾಸ. ಆದರೆ ಸರಾಸರಿಗಳು ಬೇರೆ ಬೇರೆ ಇದ್ದರೂ ಎರಡು ಗುಂಪಿನ ಜನ ಒಬ್ಬರ ಮೇಲೊಬ್ಬರು ಬೀಳುವಷ್ಟು ಬೆರೆತಿರಬಹುದು. ಯೂರಿಕ್ ಆಮ್ಲದ ಚೀಟಿ ನೋಡಿ ಅತ್ತೆ ಯಾವ ಗುಂಪಿನವರು ಎಂದು ಯಾರೂ ಹೇಳಲಾರರು. ಅವರ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ಬಂದ, ಎಲ್ಲಕ್ಕಿಂತ ಗಟ್ಟಿಯಾದ ಗುರುತು ಅವರ ಬಾಯಿಂದ ಬಂದ ಮಾತೇ ಆಗಿತ್ತು: “ಎದೆ ಹಿಡ್ಕೊಳ್ತದೆ.” ನೋವು ಪಡುವವರಿಗೆ ನೋವು ಪ್ರತ್ಯಕ್ಷ. ಕೇಳುವ ನಮಗೆ ಅದು ಶಬ್ದ, ಆಪ್ತರ ಮಾತು. ಅನುಮಾನದ ಯಂತ್ರಗಳು ಹೆಚ್ಚಾದ ಹಾಗೆಲ್ಲ ಈ ಎರಡು ಪ್ರಮಾಣಗಳ ಬೆಲೆ ಇಳಿಯುತ್ತಿದೆ, ಹೆಂಗಸರ ಮಾತಿನ ಬೆಲೆ ಇನ್ನೂ ಬೇಗ.

ಇನ್ನು ನನ್ನದೇ ವಿಷಯ. ಅಪ್ಪ 51ನೇ ವಯಸ್ಸಿನಲ್ಲಿ ತೋಟದಲ್ಲಿ ಕಾಯಿ ಎಣಿಸುತ್ತಿದ್ದಾಗಲೇ ಕುಸಿದರು, ಆಸ್ಪತ್ರೆ ಮುಟ್ಟಲಿಲ್ಲ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಉಳಿದವರಿಗಿಂತ ಐದಾರು ವರ್ಷ ಮೊದಲೇ ಬರುತ್ತದೆಂದು 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಿಂದ ಗೊತ್ತಾಗಿದೆ: 53ನೇ ವಯಸ್ಸು, ಬೇರೆಡೆ 58.8. ಅಪ್ಪನ ವಯಸ್ಸು ಕೇಳಿದ ವೈದ್ಯರೊಬ್ಬರು ನನಗೆ ಲೈಪೋಪ್ರೋಟೀನ್ (ಎ) ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿದರು. 1963ರಲ್ಲಿ ನಾರ್ವೆಯ ಕಾರೆ ಬರ್ಗ್ ಕಂಡುಹಿಡಿದ ಈ ಕಣ ಎಲ್‌ಡಿಎಲ್‌ನ ದಾಯಾದಿ. ಅದರ ಮಟ್ಟ ಬಹುಮಟ್ಟಿಗೆ ಹುಟ್ಟಿನಲ್ಲೇ ನಿಶ್ಚಯವಾಗಿರುತ್ತದೆ. ಪಥ್ಯದಿಂದ, ವ್ಯಾಯಾಮದಿಂದ ಇಳಿಯುವುದಿಲ್ಲ. ಅದಕ್ಕೆಂದೇ ತಯಾರಾದ ಔಷಧಗಳು ಪ್ರಯೋಗದಲ್ಲಿವೆ. ಬದುಕಿನಲ್ಲಿ ಒಮ್ಮೆಯಾದರೂ ಇದನ್ನು ನೋಡಿಸಿ ಎಂದು ಭಾರತೀಯ ಹೃದ್ರೋಗ ತಜ್ಞರ ಸಂಘದ 2024ರ ಮಾರ್ಗಸೂಚಿಯೂ ಹೇಳುತ್ತದೆ. ಅದರ ಪ್ರಕಾರ 50 ಮಿಲಿಗ್ರಾಂ ದಾಟಿದರೆ ಹೆಚ್ಚು. ನನ್ನದು 50 ದಾಟಿತ್ತು.

ಮನೆಯಲ್ಲಿ ಹೇಳಿದಾಗ ಅಮ್ಮ ಬೆಚ್ಚಲಿಲ್ಲ. “ಯಾರ್ ಮುಂದೂ ಹೇಳ್ಬೇಡ” ಎಂದರು. ನನಗೆ ಇಪ್ಪತ್ತೆಂಟು, ಮನೆಯಲ್ಲಿ ಗಂಡು ನೋಡುವ ಮಾತು ನಡೆದಿದೆ. ಆಮೇಲೆ ತಮ್ಮನ ಮಾತು ಬಂತು. ತಂದೆಯಿಂದ ನನಗೆ ಬಂದಿದ್ದರೆ ಅವನಿಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಅಮ್ಮನ ವಾದ ಹೀಗಿತ್ತು: “ಅವ್ನಿಗ್ ಯಾಕ್ ಈಗ್ಲೇ? ಇಳ್ಸಕ್ಕಾಗಲ್ಲ ಅಂತ ನೀನೇ ಹೇಳ್ತೀಯ. ಇಳ್ಸಕ್ಕಾಗದ್ದನ್ನ ತಿಳ್ಕಂಡು ಮಲಗೋದ್ ಹೆಂಗೆ?”

ಇದು ಹಳ್ಳಿಯ ಅಜ್ಞಾನವಲ್ಲ. ತಿಳಿಯದೆ ಇರುವ ಹಕ್ಕು ಎಂದು ಇಂದಿನ ನೀತಿಶಾಸ್ತ್ರದಲ್ಲಿ ಚರ್ಚೆಯಾಗುವುದು ಅಮ್ಮನ ಈ ಮಾತೇ. ತಿಳಿವಳಿಕೆ ತನ್ನಷ್ಟಕ್ಕೆ ಒಳ್ಳೆಯದು ಎಂಬ ನಂಬಿಕೆಯಲ್ಲಿ ನಾವು ಓದಿದವರು ಬೆಳೆದಿದ್ದೇವೆ. ಆದರೆ ಒಂದು ಸಂಖ್ಯೆಯನ್ನು ಕೈಗಿಟ್ಟು ಹೋಗಿಬಿಟ್ಟರೆ, ಕೇಳಿದವರಿಗೆ ಉಳಿಯುವುದು ಅದರ ಭಾರ ಮಾತ್ರ. ಅಮ್ಮನ ಮಾತಿನ ಬಲ ನನಗೆ ಅರ್ಥವಾಗುತ್ತದೆ. ಆದರೂ ಒಪ್ಪಲಾಗಲಿಲ್ಲ. ಆ ಕಣ ಇಳಿಯದಿದ್ದರೂ ಅದರ ಜೊತೆ ಸೇರಿ ಕೆಡಿಸುವ ಬೇರೆಯವು ಇಳಿಯುತ್ತವೆ: ಎಲ್‌ಡಿಎಲ್, ಬಿಪಿ, ಸಕ್ಕರೆ, ಬೀಡಿ ಸಿಗರೇಟು. ಹೃದಯಾಘಾತದ ಅಪಾಯದ ಬಹುಪಾಲು, ಗಂಡಸರಲ್ಲಿ ನೂರಕ್ಕೆ ತೊಂಬತ್ತರಷ್ಟು, ಒಂಬತ್ತು ಸಾಮಾನ್ಯ ಅಂಶಗಳಿಂದಲೇ ವಿವರಿಸಬಹುದು ಎಂದು ಅದೇ ಇಂಟರ್‌ಹಾರ್ಟ್ 2004ರಲ್ಲಿ ತೋರಿಸಿತ್ತು. ಅವುಗಳಲ್ಲಿ ಹೆಚ್ಚಿನವು ಬದಲಾಯಿಸಬಹುದಾದವು. ಅಲ್ಲಿಗೆ ನನ್ನ ಪ್ರಶ್ನೆ ಹೇಳಬೇಕೋ ಬೇಡವೋ ಎಂಬುದರಿಂದ ಹೇಗೆ ಹೇಳಬೇಕು, ಹೇಳಿದ ಮೇಲೆ ನನ್ನ ಪಾಲೇನು ಎಂಬುದಕ್ಕೆ ಸರಿಯಿತು.

ಇದೇ ಪ್ರಶ್ನೆಯನ್ನು ನೂರು ಕಾಯಿ ಹಿಡಿದವರಿಗೂ ಕೇಳಬೇಕು. ಲಂಡನ್ನಿನ ಸಾಂಕ್ರಾಮಿಕ ರೋಗಶಾಸ್ತ್ರಜ್ಞ ಜೆಫ್ರಿ ರೋಸ್ 1985ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಮಾಡಿದರು. ಈ ಮನುಷ್ಯನಿಗೆ ಈ ರೋಗ ಯಾಕೆ ಬಂತು ಎಂಬುದು ಒಂದು. ಈ ಊರಿನಲ್ಲಿ ಇಷ್ಟು ಜನರಿಗೆ ಯಾಕೆ ಬರುತ್ತದೆ ಎಂಬುದು ಇನ್ನೊಂದು. ಎರಡನೆಯ ಪ್ರಶ್ನೆಗೆ ಕೆಲಸ ಮಾಡಿದರೆ ಜೀವಗಳು ಹೆಚ್ಚು ಉಳಿಯುತ್ತವೆ, ಆದರೆ ಪ್ರತಿಯೊಬ್ಬರಿಗೂ ಸಿಗುವ ಲಾಭ ಬಹಳ ಸಣ್ಣದಾಗಿ ಕಾಣುತ್ತದೆ. ನೂರು ಜನ ಉಪ್ಪು ಕಡಿಮೆ ಮಾಡಬೇಕು, ಮಾತ್ರೆ ನುಂಗಬೇಕು, ಉಳಿಯುವವರು ಕೆಲವರು. ಯಾರು ಎಂದು ಕೊನೆಗೂ ಗೊತ್ತಾಗುವುದಿಲ್ಲ.

ಹಾಗಾದರೆ ಉಳಿದವರ ಶ್ರಮ ದಂಡವೇ? ನಮ್ಮ ಕಡೆ ಮುಯ್ಯಾಳು ಎಂಬ ಪದ್ಧತಿಯಿದೆ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಯಾರ ಬೆಳೆ ಬಂತು, ಯಾರದು ಹೋಯಿತು ಎಂದು ನೋಡಿ ಆಮೇಲೆ ಯಾರೂ ಮುಯ್ಯಿ ಹಿಂದೆ ಕೇಳುವುದಿಲ್ಲ. ನೂರು ಜನ ಸೇರಿ ಪಡುವ ಎಚ್ಚರ ನನಗೆ ಹಾಗೇ ಕಾಣುತ್ತದೆ. ನಾನು ದಿನವೂ ನುಂಗುವ ಮಾತ್ರೆ ನನ್ನನ್ನೇ ಉಳಿಸುತ್ತದೆ ಎಂಬ ಖಾತ್ರಿ ಇಲ್ಲ. ನಮ್ಮಂಥ ನೂರು ಜನರಲ್ಲಿ ಕೆಲವರನ್ನು ಉಳಿಸುತ್ತದೆ, ಅಷ್ಟು ನಿಜ. ಹೀಗೆ ಯೋಚಿಸಿದಾಗ ಸಂಖ್ಯೆ ನನ್ನ ಹಣೆಬರಹವಾಗಿ ಉಳಿಯದೆ, ನಾನೂ ಸೇರಿರುವ ಒಂದು ಲೆಕ್ಕವಾಗುತ್ತದೆ.

ಆದರೆ ಮುಯ್ಯಿ ಎರಡೂ ಕಡೆಯಿಂದ ನಡೆಯಬೇಕು. ಬರೀ ಒಬ್ಬೊಬ್ಬರ ಎದೆಯ ಮೇಲೆ ಸಂಖ್ಯೆ ಬರೆದು, ನೀನು ಹುಷಾರಾಗಿರು ಎಂದರೆ ಅದು ಮುಯ್ಯಿಯಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಇದ್ದಾಗ ಮಾರುಕಟ್ಟೆಯ ಬೆಲೆ ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು, ತಿಪಟೂರಿನಲ್ಲಿ ರೈತರು ಧರಣಿ ಕೂತಿದ್ದರು. ಆ ವರ್ಷ ನಮ್ಮ ಬೀದಿಯಲ್ಲಿ ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿದವರನ್ನು ನಾನು ಬಲ್ಲೆ. ಅವರ ರಕ್ತದ ವರದಿಯಲ್ಲಿ ಕೊಬ್ಬರಿ ಬೆಲೆಗೆ ಒಂದು ಸಾಲು ಇರಲಿಲ್ಲ.

ಅದೇ ಕೊಬ್ಬರಿಯನ್ನು ಈಗ ಅಪರಾಧಿಯಾಗಿಯೂ ನಿಲ್ಲಿಸುತ್ತಾರೆ. ತೆಂಗಿನೆಣ್ಣೆ ಬೇರೆ ಸಸ್ಯದೆಣ್ಣೆಗಳಿಗಿಂತ ಎಲ್‌ಡಿಎಲ್ ಅನ್ನು ಸುಮಾರು 10 ಮಿಲಿಗ್ರಾಂ ಏರಿಸುತ್ತದೆ ಎಂದು ಹಲವು ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದ 2020ರ ವಿಶ್ಲೇಷಣೆ ಹೇಳಿತು, ಅದನ್ನು ಒಪ್ಪಬೇಕು. ಆದರೆ ತೆಂಗಿನ ಸೀಮೆಯ ಅಡುಗೆಮನೆಯಲ್ಲಿ ಒಗ್ಗರಣೆಗೆ ಇದ್ದದ್ದು ಕಡಲೆಕಾಯಿ ಎಣ್ಣೆ, ಹುಚ್ಚೆಳ್ಳೆಣ್ಣೆ. ತೆಂಗು ಚಟ್ನಿಗೆ, ಸಾರಿನ ಖಾರಕ್ಕೆ. ಹೆಚ್ಚಿನ ಕೊಬ್ಬರಿ ಉತ್ತರ ಭಾರತಕ್ಕೆ ಲಾರಿ ಹತ್ತುತ್ತದೆ. ಊರಿನ ಎದೆನೋವಿಗೆಲ್ಲ ಊರಿನ ಬೆಳೆಯೇ ಕಾರಣ ಎನ್ನುವ ಅನುಮಾನ ಸುಲಭವಾದದ್ದು, ಅದಕ್ಕೇ ಅದನ್ನು ಎರಡು ಸಲ ಪರೀಕ್ಷಿಸಬೇಕು.

ನೂರು ಹಿಡಿದವರು ಮಾಡಬಹುದಾದದ್ದು ಏನು ಎಂಬುದಕ್ಕೆ ಉದಾಹರಣೆಯೂ ಇದೆ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡುತ್ತಾರೆ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಬೆಂಗಳೂರು ತಿಪಟೂರಿನಿಂದ ಸುಮಾರು 140 ಕಿಲೋಮೀಟರ್. ಆ ದೂರದಲ್ಲಿ ಕಳೆದುಹೋಗುವ ಗಂಟೆಗಳಲ್ಲೇ ಹೃದಯದ ಸ್ನಾಯು ಸಾಯುತ್ತದೆ. ಯಾರಿಗೆ ಆಗುತ್ತದೆಂದು ಮೊದಲೇ ತಿಳಿಯುವ ವಿದ್ಯೆ ನಮಗಿನ್ನೂ ಪೂರ್ತಿ ಸಿಕ್ಕಿಲ್ಲ. ಯಾರಿಗೆ ಆದರೂ ಸರಿ, ಹತ್ತಿರದಲ್ಲಿ ಬಾಗಿಲು ತೆರೆದಿರುವಂತೆ ನೋಡಿಕೊಳ್ಳುವುದು ಸಾಧ್ಯವಿದೆ. ಅದಕ್ಕೆ ಜಾತಕ ಬೇಡ. ಮುನ್ಸೂಚನೆ ಹೇಳುವವರ ಮೇಲೆ ಒಂದು ಋಣ ಬೀಳುತ್ತದೆ ಎಂದು ನಾನು ನಂಬುವುದು ಈ ಕಾರಣಕ್ಕೆ. ಹೇಳಿದ ಮೇಲೆ ಕೇಳಿದವರ ಜೊತೆ ನಡೆಯಲು ಸಿದ್ಧವಿಲ್ಲದವರು ಹೇಳುವ ಸಂಖ್ಯೆ, ನಿಜವಾಗಿದ್ದರೂ, ಅರ್ಧ ಮಾತು.

ತಮ್ಮನಿಗೆ ನಾನು ಫೋನಿನಲ್ಲಿ ಹೇಳಲಿಲ್ಲ. ಹಬ್ಬಕ್ಕೆ ಬಂದಿದ್ದವನನ್ನು ತೋಟಕ್ಕೆ ಕರೆದುಕೊಂಡು ಹೋಗಿ ನನ್ನ ವರದಿ ತೋರಿಸಿದೆ. ಏನು ಗೊತ್ತು, ಏನು ಗೊತ್ತಿಲ್ಲ ಎಂದು ಹೇಳಿ, ಮಾಡಿಸುವುದೂ ಬಿಡುವುದೂ ನಿನ್ನಿಷ್ಟ ಎಂದೆ. ಅವನು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಕೊನೆಗೆ, “ಮಾಡಿಸ್ತೀನಕ್ಕ, ಆದ್ರೆ ರಿಪೋರ್ಟ್ ತಗೊಳಕ್ಕೆ ನೀನೂ ಬರ್ಬೇಕು” ಎಂದ. ಲ್ಯಾಬಿನವರು ರಿಪೋರ್ಟನ್ನು ಮೊಬೈಲಿಗೇ ಕಳಿಸುತ್ತಾರೆ, ಯಾರೂ ಹೋಗಬೇಕಾಗಿಲ್ಲ. ಆದರೂ ಬರುವ ಸೋಮವಾರ ನಾವಿಬ್ಬರೂ ತಿಪಟೂರಿಗೆ ಹೋಗುತ್ತಿದ್ದೇವೆ.